ಸ್ಕೋನಿನ ಕಲ್ಲು ಕಾಣೆಯಾದ ಶುಕ್ರವಾರ

ಸ್ಕಾಟ್ಲೆಂಡಿನ ರಾಜರು ಪಟ್ಟವೇರುವಾಗ ಕೂರುತ್ತಿದ್ದ ಕಲ್ಲು, ಶುಕ್ರವಾರ ಮಧ್ಯಾಹ್ನ ಒಂದರಿಂದ ಎರಡು ಗಂಟೆಯೊಳಗೆ ಸೋಲದೇವನಹಳ್ಳಿಯ ಕಾಲೇಜಿನಿಂದ ಮಾಯವಾಯಿತು. ಏಳುನೂರು ವರ್ಷಗಳ ಹಿಂದೆ ಸ್ಕೋನ್ ಎಂಬ ಊರಿನ ಅಸಲಿ ಕಲ್ಲನ್ನು ಇಂಗ್ಲೆಂಡಿನ ದೊರೆ ಎಡ್ವರ್ಡ್ ಯುದ್ಧದಲ್ಲಿ ಗೆದ್ದು ಲಂಡನ್ನಿಗೆ ಹೊತ್ತೊಯ್ದಿದ್ದ. ಈ ಸಲ ಹೊತ್ತವರು ಯಾರೆಂದು ತಿಳಿಯದೆ ಇಂಗ್ಲಿಷ್ ಉಪನ್ಯಾಸಕಿ ಪ್ರತಿಭಾ ಖಾಲಿ ರಂಗದ ಮೇಲೆ ತಲೆ ಹಿಡಿದು ನಿಂತಿದ್ದಳು.

ನಾಟಕ ಅವಳದೇ. ಎರಡು ತಿಂಗಳು ನಿದ್ದೆಗೆಟ್ಟು ಬರೆದು ಕಲಿಸಿದ್ದಳು. ಸಂಜೆ ಐದಕ್ಕೆ ಅಂತರಕಾಲೇಜು ಸ್ಪರ್ಧೆಯ ಪ್ರದರ್ಶನ. ರಾಜ ರಾಬರ್ಟ್ ಬ್ರೂಸ್ ಆ ಪವಿತ್ರ ಕಲ್ಲಿನ ಮೇಲೆ ಕೂತು ಕಿರೀಟ ಧರಿಸುವುದೇ ನಾಟಕದ ಶಿಖರ. ಥರ್ಮೋಕೋಲ್ ಕಲ್ಲು ಬೇಡವೆಂದು ಅವಳು ಹಟ ಹಿಡಿದದ್ದರಿಂದ, ಕ್ಯಾಂಟೀನಿನ ಹಿಂದೆ ಪಾತ್ರೆ ತೊಳೆಯಲು ಹಾಕಿದ್ದ ಎರಡೂವರೆ ಅಡಿಯ ಚಪ್ಪಡಿಯನ್ನು ನಾಲ್ವರು ಹುಡುಗರು ಬುಧವಾರ ಬೊಂಬಿಗೆ ಹಗ್ಗ ಕಟ್ಟಿ ಹೊತ್ತು ತಂದಿದ್ದರು.

ಸಭಾಂಗಣದ ಬೀಗ ಒಡೆದಿರಲಿಲ್ಲ. ಕೀಲಿ ಇದ್ದದ್ದು ಕಾಲೇಜಿನ ಬಡಗಿ ಲಾಲ್ ಸಾಬರ ಬಳಿ ಮಾತ್ರ. ಪ್ರಿನ್ಸಿಪಾಲ್ ರಘುನಾಥ್ ಅವರಿಗೆ ಅಷ್ಟೇ ಸಾಕಾಯಿತು. ಮೇಕಪ್ಪಿನ ಕೋಣೆಯಲ್ಲಿದ್ದ ಪಾತ್ರಧಾರಿಗಳನ್ನು ಬಿಟ್ಟು ಉಳಿದ ನಲವತ್ತು ಜನರ ಎದುರಿಗೇ ಅವರು ಕೂಗಾಡಿದರು.

"ಹಳೇ ಕಲ್ಲಿಗೆ ರೆಸಾರ್ಟ್‌ನೋರು ಕೇಳಿದಷ್ಟು ಕೊಡ್ತಾರೆ, ನಂಗೊತ್ತಿಲ್ವಾ? ಕಳ್ಳತನಕ್ಕೂ ಒಂದು ಮಿತಿ ಬೇಕು ಕಣ್ರೀ! ನಾಲ್ಕು ಗಂಟೆ ಒಳಗೆ ಕಲ್ಲು ಬರ್ಲಿಲ್ಲ ಅಂದ್ರೆ ಪೊಲೀಸರಿಗೆ ಫೋನ್ ಮಾಡ್ತೀನಿ. ಕೆಲಸಾನೂ ಹೋಯ್ತು ಅಂದ್ಕೊಳ್ಳಿ."

ಲಾಲ್ ಸಾಬ್ ಬಿಜಾಪುರದ ಕಡೆಯವರು. ಇಪ್ಪತ್ತೆರಡು ವರ್ಷದಿಂದ ಈ ಕಾಲೇಜಿನ ಬೆಂಚು, ಬಾಗಿಲು, ಸಿಂಹಾಸನಗಳನ್ನೆಲ್ಲ ಮಾಡಿದ ಕೈ ಅವರದು. ಬಾಯಿ ಬಿಡದೆ ಹೊರಗೆ ಹೋಗಿ ತಮ್ಮ ಕೆಲಸದ ಕೋಣೆಯ ಮೆಟ್ಟಿಲ ಮೇಲೆ ಕೂತರು. ಪ್ರತಿಭಾ ಸೀದಾ ಲೇಡೀಸ್ ಹಾಸ್ಟೆಲಿಗೆ ಓಡಿದಳು.

ಹಾಸ್ಟೆಲಿನ ವಾರ್ಡನ್ ಮುನಿನಾರಾಯಣಮ್ಮ ಅವರೆಕಾಯಿ ಬಿಡಿಸುತ್ತಿದ್ದರು. ಪೊಲೀಸ್ ಇಲಾಖೆಯಲ್ಲಿ ಹೆಡ್ ಕಾನ್ಸ್‌ಟೇಬಲ್ ಆಗಿ ನಿವೃತ್ತರಾದ ಕೊಡಿಗೇಹಳ್ಳಿಯ ಹೆಣ್ಣುಮಗಳು. ಕಾಲೇಜಿನಲ್ಲಿ ಏನೇ ಕಳೆದರೂ ಜನ ದೇವರಿಗೆ ಹರಕೆ ಹೊರುವ ಮೊದಲು ಇವರ ಬಾಗಿಲು ತಟ್ಟುತ್ತಿದ್ದರು. ಪ್ರತಿಭಾ ಹಾಸ್ಟೆಲಿನಲ್ಲೇ ವಾಸವಿದ್ದು, ಇಂಥ ಎಷ್ಟೋ ಪತ್ತೆಗಳಲ್ಲಿ ಅವರ ಬೆನ್ನಿಗೆ ಅಂಟಿಕೊಂಡೇ ತಿರುಗಿದವಳು.

"ಬುಧವಾರದಿಂದ ಈಚೆಗೆ ಏನಾದ್ರೂ ಹೊಸದು ನಡೀತಾ, ಮೇಡಮ್ಮಾ?" ಮುನಿನಾರಾಯಣಮ್ಮ ಸೆರಗು ಕೊಡವಿ ಎದ್ದರು.

"ಏನೂ ಇಲ್ಲಮ್ಮ. ಬ್ರೂಸ್ ಪಾರ್ಟು ಮಾಡೋ ಮಹೇಂದ್ರ ಮಾತ್ರ ತಲೆ ತಿಂತಿದಾನ. ನಿನ್ನೆ ಬಂದು ಥರ್ಮೋಕೋಲ್ ಕಲ್ಲೇ ಸಾಕು ಮೇಡಂ ಅಂದ. ನಾಟಕ ನಂಗ ಗೊತ್ತೋ ನಿಂಗ ಗೊತ್ತೋ ಅಂತ ಬೈದು ಕಳಿಸಿದೆ. ಕಲ್ಲ ಮ್ಯಾಲ ಕೂರಬೇಕಾದ್ರ ಬೂಟು ಬಿಚ್ಚತಾನ. ಅದೂ ಪೂರ್ತಿ ಕೂರಂಗಿಲ್ಲ, ಬಸ್ಸಿನಾಗ ಸೀಟು ಬಿಟ್ಟುಕೊಡೋರ ಹಂಗ ಅರ್ಧ ಎದ್ದೇ ಇರ್ತಾನ. ಕೇಳಿದ್ರ ಬೂಟು ಜಾರತೈತಿ ಅಂತಾನ."

"ಓಹೋ," ಎಂದರು ಮುನಿನಾರಾಯಣಮ್ಮ. ಅವರು 'ಓಹೋ' ಎಂದರೆ ಪ್ರತಿಭಾಳಿಗೆ ಮೈಯೆಲ್ಲ ಕಿವಿಯಾಗುತ್ತಿತ್ತು.

ಸಭಾಂಗಣದಲ್ಲಿ ಕಲ್ಲನ್ನಿಟ್ಟಿದ್ದ ಮರದ ಪೀಠ ಹಾಗೇ ಇತ್ತು. ನೆಲದ ಮೇಲೆ ಎಳೆದ ಗೀರಿಲ್ಲ. ಬುಧವಾರದಿಂದ ಮೂಲೆಯಲ್ಲಿದ್ದ ಬೊಂಬು ಇರಲಿಲ್ಲ. ರಂಗದ ಮೆಟ್ಟಿಲ ಕೆಳಗೆ ಸೈನಿಕರ ವೇಷದ ನಾಲ್ಕು ಜೊತೆ ಬೂಟುಗಳು ಸಾಲಾಗಿ, ಯಾರೋ ಮನೆಯೊಳಗೆ ಹೋಗುವ ಮುನ್ನ ಬಿಟ್ಟಂತೆ ಇದ್ದವು.

ಕ್ಯಾಂಟೀನಿನ ಕಲಾವತಿ ಕಂಡದ್ದನ್ನು ಕಂಡಂತೆ ಹೇಳಿದಳು. "ಒಂದೂಕಾಲಕ್ಕೆ ನಾಲ್ಕು ಜನ ಸೋಲ್ಜರ್ಸು ನೀಲಿ ಬಟ್ಟೆ ಮುಚ್ಕೊಂಡು ಏನೋ ಹೊತ್ಕೊಂಡು ಹೋದ್ರು ಕಣಮ್ಮ. ತಲೆಗೆಲ್ಲ ತಗಡಿನ ಟೋಪಿ, ಮುಖ ಕಾಣಾಕಿಲ್ಲ. ನಾಟಕದ ಸಾಮಾನು ಅಂತ ಸುಮ್ನಾದೆ. ಆ ಬಿಸ್ಲಲ್ಲಿ ಬರಿಗಾಲು ಬೇರೆ! ಅದ್ರಲ್ಲಿ ಒಬ್ಬ ಆಮೇಲೆ ಬಂದು ಮೇಕಪ್ಪಿಗೆ ಅಂತ ಒಂದಿಡಿ ಅರಿಶಿನ ಈಸ್ಕೊಂಡೋದ."

ಗೇಟಿನ ಕಾವಲುಗಾರ ಆಣೆ ಮಾಡಿ ಹೇಳಿದ: ಹನ್ನೆರಡರಿಂದ ಈಚೆಗೆ ಒಂದು ವಾಹನವೂ ಹೊರಗೆ ಹೋಗಿಲ್ಲ. ಹಾಗಾದರೆ ಕಲ್ಲು ಒಳಗೇ ಇರಬೇಕು. ಪ್ರಿನ್ಸಿಪಾಲರೂ ಹತ್ತು ಜನ ಆಳುಗಳೂ ಪ್ರತಿ ಕೋಣೆ, ಚರಂಡಿ, ನೀರಿನ ತೊಟ್ಟಿ ಎಲ್ಲ ಜಾಲಾಡುತ್ತಿದ್ದರು. ಹುಡುಕುವ ದಾರಿಯಲ್ಲಿ ಕಾಲೇಜಿನ ಆವರಣದ ಅಶ್ವತ್ಥಕಟ್ಟೆ ಎದುರಾದಾಗಲೆಲ್ಲ ರಘುನಾಥ್ ಚಪ್ಪಲಿ ಬಿಟ್ಟು, ಅರಿಶಿನ ಹಚ್ಚಿದ ಕಲ್ಲುಗಳಿಗೆ ಕೈ ಮುಗಿದು, ಕಲ್ಲು ಸಿಗಲೆಂದು ಬೇಡಿಕೊಂಡು ಮುಂದೆ ಹೋಗುತ್ತಿದ್ದರು. ಪ್ರತಿಭಾಳೂ ಅವಸರದಲ್ಲೇ ಕೈ ಮುಗಿದಳು. ದಿನಾ ಬೆಳಿಗ್ಗೆ ಅಲ್ಲಿ ದೀಪ ಹಚ್ಚುತ್ತಿದ್ದ ಮುನಿನಾರಾಯಣಮ್ಮ ಮಾತ್ರ ಎಂದಿಗಿಂತ ಹೆಚ್ಚು ಹೊತ್ತು ನಿಂತರು.

ಆಮೇಲೆ ಲಾಲ್ ಸಾಬರ ಬಳಿಗೆ ಹೋದರು.

"ಕೀಲಿ ಯಾರಿಗೆ ಕೊಟ್ರಿ, ಸಾಬ್ರೇ?"

ಮುದುಕ ತಲೆ ಎತ್ತಲಿಲ್ಲ. "ನಾ ಕದ್ದಿಲ್ಲರಿ, ಅಕ್ಕಾರ. ಅಷ್ಟ ನಾ ಹೇಳೂದು."

"ಲಾಲ್ ಸಾಬ್, ಹೆಸರು ಹೇಳಿಬಿಡ್ರಿ," ಎನ್ನುತ್ತ ಪ್ರತಿಭಾ ಅವರ ಪಕ್ಕ ಮೆಟ್ಟಿಲ ಮೇಲೆ ಕೂತಳು. "ಪೊಲೀಸ್ರು ಬರ್ತಾರ. ನೌಕರಿ ಹೋಗತೈತಿ. ಇಪ್ಪತ್ತೆರಡು ವರ್ಷದ ಹೆಸರು ಮಣ್ಣಾಗತೈತಿ."

"ಹೋದ್ರ ಹೋಗಲಿ ಬಾಯಾರ. ಅದೊಂದು ಕೇಳಬ್ಯಾಡ್ರಿ."

ಮೂರೂವರೆಗೆ ಮುನಿನಾರಾಯಣಮ್ಮ ಎಲ್ಲರನ್ನೂ ಸಭಾಂಗಣಕ್ಕೆ ಕರೆಸಿದರು. ಬಣ್ಣ ಹಚ್ಚಿಕೊಂಡ ಸ್ಕಾಟರು ಒಂದು ಕಡೆ, ಇಂಗ್ಲಿಷರು ಇನ್ನೊಂದು ಕಡೆ, ನಡುವೆ ಗಡಿಯಾರ ನೋಡಿಕೊಳ್ಳುತ್ತ ಪ್ರಿನ್ಸಿಪಾಲರು. ಲಾಲ್ ಸಾಬ್ ಬಾಗಿಲ ಬಳಿ ನಿಂತರು.

"ಕಳ್ಳ ಏನು ಮಾಡ್ತಾನೆ? ತಗೊಂಡು ಓಡ್ತಾನೆ," ಎಂದು ಮುನಿನಾರಾಯಣಮ್ಮ ಶುರುಮಾಡಿದರು. "ಈ ಕಳ್ಳರು ಬೂಟು ಬಿಚ್ಚಿ, ಸಾಲಾಗಿಟ್ಟು, ಬರಿಗಾಲಲ್ಲಿ ಹೊತ್ತವ್ರೆ. ಸುಡೋ ಡಾಂಬರು ಮೇಲೆ ನಾವು ಬರಿಗಾಲಲ್ಲಿ ಏನು ಹೊರ್ತೀವಿ ಹೇಳಿ? ದೇವರನ್ನ. ಅಲ್ಲಿಗೆ ನನಗೆ ಒಂದು ಗೊತ್ತಾಯ್ತು. ಅವರು ಹೊತ್ತಿದ್ದು ಪಾತ್ರೆ ತೊಳೆಯೋ ಕಲ್ಲಲ್ಲ."

ಅವರು ಮಹೇಂದ್ರನತ್ತ ತಿರುಗಿದರು.

"ಎರಡನೇದು, ರಾಜನ ಬೂಟು. ಕಲ್ಲ ಮೇಲೆ ಕೂತವನ ಕಾಲು ನೆಲದ ಮೇಲಿರುತ್ತೆ, ಜಾರೋದೆಲ್ಲಿಂದ ಬಂತು? ಮಹೇಂದ್ರ ಬೂಟು ಬಿಚ್ತಾ ಇದ್ದದ್ದು ಮರ್ಯಾದೆಗೆ. ಅದು ಶುರುವಾಗಿದ್ದು ಬುಧವಾರ. ಅವತ್ತು ಕಲ್ಲು ಎತ್ತಿದೋರು ನಾಲ್ವರು, ಇವತ್ತು ಹೊತ್ತೋರೂ ನಾಲ್ವರು. ಎತ್ತಿದೋರಿಗೆ ಮಾತ್ರ ಕಲ್ಲಿನ ಅಡಿಭಾಗ ಕಾಣುತ್ತೆ. ಅಡಿಯಲ್ಲಿ ಏನಿತ್ತು ಮಗಾ?"

ಕಿರೀಟವಿಲ್ಲದ ರಾಜ ಮುಂದೆ ಬಂದ. ಆ ಊರಿನದೇ ಹಳೆಯ ಮನೆತನದ ಹುಡುಗ.

"ವೀರಗಲ್ಲು," ಎಂದ ಮಹೇಂದ್ರ. "ಕೈಯಲ್ಲಿ ಕತ್ತಿ, ಕಾಲ ಹತ್ರ ಎರಡು ಹಸು. ಊರ ದನ ಬಿಡಿಸ್ಕೊಳ್ಳೋಕೆ ಹೋಗಿ ಸತ್ತೋನು. ಇಂಥದ್ದೇ ಒಂದು ನಮ್ಮ ಕೆರೆ ಏರಿ ಮೇಲೈತೆ, ನಮ್ಮಜ್ಜಿ ವರ್ಷಾ ಪೂಜೆ ಮಾಡ್ತಾಳೆ. ಹೇಳಿದ್ರೆ ಶೋ ನಿಂತೋಗುತ್ತೆ, ಮೇಡಮ್ಮೋರ ಎರಡು ತಿಂಗಳ ಕೆಲಸ. ಹೇಳ್ದೆ ಇದ್ರೆ ಅವನ ಮೇಲೆ ನಾನು ಕೂರ್ಬೇಕು. ಲಾಲ್ ಸಾಬ್ ತಾತನ ಕಾಲಿಗೆ ಬಿದ್ದು ಕೀಲಿ ಕೇಳ್ದೆ. ನಾಟಕ ಮುಗಿಯೋವರ್ಗೂ ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ರು. ಅವರ ಮೇಲೆ ಬಂದೈತೆ ಅಂತ ಈಗ್ಲೇ ಗೊತ್ತಾಗಿದ್ದು, ತಾಯಾಣೆಗೂ."

"ಎಲ್ಲಿಟ್ಟಿದ್ದೀಯೋ ಅದನ್ನ?" ರಘುನಾಥ್ ಸಿಡುಕಿದರು. "ಎಲ್ಲಾ ಕಡೆ ಹುಡುಕಿದೀವಿ!"

"ಸಾರ್, ನೀವು ಮಲಗಿರೋ ಚಪ್ಪಡಿ ಹುಡುಕಿದ್ರಿ," ಎಂದು ಮುನಿನಾರಾಯಣಮ್ಮ ನಕ್ಕರು. "ವೀರಗಲ್ಲು ನಿಂತಿರುತ್ತೆ. ಕಟ್ಟೆ ಮೇಲೆ ನಾಗರಕಲ್ಲು ನಾಲ್ಕು. ದಿನಾ ದೀಪ ಹಚ್ಚೋಳು ನಾನು, ಇವತ್ತು ಐದು ಎಣಿಸ್ದೆ. ಐದನೇದರ ಅರಿಶಿನ ಇನ್ನೂ ಹಸಿ. ನಮ್ಮ ಜನ ಅರಿಶಿನ ಹಚ್ಚಿದ ಕಲ್ಲಿಗೆ ಕೈ ಮುಗೀತಾರೆ, ಮುಖ ನೋಡಲ್ಲ. ನೀವು ಅವನನ್ನೇ ಹುಡುಕ್ತಾ ಅವನಿಗೇ ಎರಡು ಸಲ ಬೇಡ್ಕೊಂಡಿದ್ದೀರ."

ಇಡೀ ಸಭಾಂಗಣ ಗೊಳ್ಳೆಂದಿತು. ನಗು ನಿಂತಾಗ ಮಹೇಂದ್ರ ಪ್ರತಿಭಾಳತ್ತ ತಿರುಗಿದ. "ಸ್ಕಾಟ್ಲೆಂಡಿನೋರು ಅವರ ಕಲ್ಲಿಗೋಸ್ಕರ ಏಳ್ನೂರು ವರ್ಷ ಹೊಟ್ಟೆ ಉರ್ಕೊಂಡ್ರು ಅಂತ ನೀವೇ ಹೇಳ್ಕೊಟ್ರಿ ಮೇಡಂ. ನಮ್ಮೋನ ಮೇಲೆ ನಾವು ಪಾತ್ರೆ ತೊಳೀತಿದ್ವಿ."

ಪ್ರತಿಭಾಳಿಗೆ ನಾಚಿಕೆಯೂ ಹೆಮ್ಮೆಯೂ ಒಟ್ಟಿಗೇ ಉಕ್ಕಿ ಬಂದವು. ತಾನು ಬಚ್ಚಿಟ್ಟದ್ದೂ ಒಂದಿತ್ತು. ಅದನ್ನೂ ಅಲ್ಲೇ ಹೇಳಿಬಿಟ್ಟಳು.

"ತಪ್ಪು ನಂದೂ ಐತಿ. ಬ್ರೂಸ್‌ಗೆ ಪಟ್ಟ ಕಟ್ಟೋ ಹೊತ್ತಿಗೆ ಆ ಕಲ್ಲು ಲಂಡನ್ನಿಗೆ ಹೋಗಿ ಹತ್ತು ವರ್ಷ ಆಗಿತ್ತು. ಅವನು ಕಲ್ಲಿಲ್ಲದೇ ರಾಜ ಆದ. ನಂಗ ಗೊತ್ತಿತ್ತು. ಚಪ್ಪಾಳೆ ಬೀಳಲಿ ಅಂತ ಕಲ್ಲು ತಂದು ಹಾಕಿದೆ. ಪೀಠ ತಗೀರಿ. ಮಹೇಂದ್ರ, ನೀ ಬರೇ ನೆಲದ ಮ್ಯಾಲ ನಿಲ್ಲು."

ಪ್ರಿನ್ಸಿಪಾಲರು ಗಂಟಲು ಸರಿಮಾಡಿಕೊಂಡು ಬಾಗಿಲ ಬಳಿ ಹೋಗಿ ಲಾಲ್ ಸಾಬರ ಬೆನ್ನು ತಟ್ಟಿದರು. "ಏನೋ ಬಾಯಿ ತಪ್ಪಿ ಅಂದ್ಬಿಟ್ಟೆ. ಮರೆತುಬಿಡಿ."

"ಅದಾಗಲ್ಲ ಸಾರ್," ಮುನಿನಾರಾಯಣಮ್ಮನ ದನಿಯಲ್ಲಿ ಹಳೆಯ ಠಾಣೆಯ ಖದರು ಬಂತು. "ಬೈದಿದ್ದು ನಲವತ್ತು ಜನದ ಮುಂದೆ. ಕಿವಿಯಲ್ಲಿ ಹೇಳಿದ್ರೆ ಲೆಕ್ಕಕ್ಕಿಲ್ಲ."

ಐದಕ್ಕೆ ಪರದೆ ಸರಿಯಿತು. ಇಸಬೆಲ್ಲಾ ಎಂಬ ದಿಟ್ಟ ಹೆಣ್ಣುಮಗಳ ಪಾತ್ರ ವಿದ್ಯಾರ್ಥಿನಿ ಶಿಲ್ಪಾಳದು. ಗಂಡನ ಕಡೆಯವರು ವೈರಿಗಳಾದರೂ ಅವರನ್ನು ಲೆಕ್ಕಿಸದೆ ಅವಳು ಕುದುರೆ ಏರಿ ಬರುತ್ತಾಳೆ. ರಾಜನಿಗೆ ಪಟ್ಟ ಕಟ್ಟುವುದು ತನ್ನ ತವರುಮನೆತನದ ಹಕ್ಕು ಎಂದು ಸಾರುತ್ತಾಳೆ. ಬರಿನೆಲದ ಮೇಲೆ ಮಹೇಂದ್ರ ನೆಟ್ಟಗೆ ನಿಂತ. ಎರಡು ದಿನದಿಂದ ಅರ್ಧ ಕೂತಿದ್ದವನು ಈಗ ನಿಜಕ್ಕೂ ರಾಜನಂತೆ ಕಂಡ. ಕಿರೀಟ ತಲೆಗೇರಿದಾಗ ತೀರ್ಪುಗಾರರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪ್ರತಿಭಾ ಪರದೆಯ ಹಿಂದೆ ಕಣ್ಣೊರೆಸಿಕೊಂಡಳು.

ಪರದೆ ಬೀಳುವ ಮುನ್ನ ರಘುನಾಥ್ ರಂಗಕ್ಕೆ ಬಂದರು. ಹಿಂಬಾಗಿಲಲ್ಲಿ ಸುತ್ತಿಗೆ ಹಿಡಿದು ನಿಂತಿದ್ದ ಲಾಲ್ ಸಾಬರನ್ನು ಹೆಸರು ಹಿಡಿದು ಕರೆದರು. ಆರುನೂರು ಜನರ ಎದುರು, ಮೈಕಿನಲ್ಲಿ, "ಈ ಮನುಷ್ಯನನ್ನು ಇವತ್ತು ಕಳ್ಳ ಅಂದೆ. ನನ್ನ ಕಾಲೇಜಿನಲ್ಲಿ ಇವರಿಗಿಂತ ನಂಬಿಕಸ್ಥರು ಇಲ್ಲ. ಕ್ಷಮಿಸಿ ಲಾಲ್ ಸಾಬ್," ಎಂದು ಕೈ ಮುಗಿದರು.

ಮುದುಕ ಸುತ್ತಿಗೆಯನ್ನು ಎಡಗೈಗೆ ಬದಲಿಸಿಕೊಂಡು ಬಲಗೈಯನ್ನು ಎದೆಯ ಮೇಲಿಟ್ಟುಕೊಂಡರು. ಮೈಕು ಬಾಯಿಯ ಬಳಿ ಬಂತು.

"ಹುಡುಗಗ ಮಾತು ಕೊಟ್ಟಿದ್ನಿರಿ, ಸಾಹೇಬ್ರ," ಎಂದರು. "ಮಾತು ಮುರಿದು ಉಳಿಸ್ಕೊಳ್ಳೂವಂಥಾ ನೌಕರಿ ಯಾವುದೈತ್ರಿ?"