ಎಡಬದಿಯ ಎಂಟು ಹೂಬುಟ್ಟಿಗಳು

ಮಾರ್ಚ್ ಹನ್ನೆರಡರಂದು ಬೆಳಿಗ್ಗೆ ಠಾಣೆಗೆ ಬಂದ ದೂರನ್ನು ಬರೆದುಕೊಳ್ಳುವಾಗ ರೈಟರ್ ಎರಡು ಸಲ ಪೆನ್ನು ಕೆಳಗಿಟ್ಟ. ಮೊದಲನೆಯ ಸಲ, ಕಳುವಾದದ್ದು ಹೂವಿನ ಬುಟ್ಟಿ ಎಂದು ಕೇಳಿದಾಗ. ಎರಡನೆಯ ಸಲ, ಅವು ದೀಪದ ಕಂಬಗಳಲ್ಲಿ ಆಳೆತ್ತರಕ್ಕೂ ಮೇಲೆ ತೂಗುತ್ತಿದ್ದವು ಎಂದು ಕೇಳಿದಾಗ.

ದೂರು ತಂದವರು ನಗರದ ಹೂಬುಟ್ಟಿ ಸಮಿತಿಯ ಕಾರ್ಯದರ್ಶಿ, ನಿವೃತ್ತ ಭೂಗೋಳದ ಮೇಷ್ಟ್ರು. ಬ್ಯಾಂಕಿನವರು, ಔಷಧದಂಗಡಿಯವರು, ಹಲ್ಲಿನ ಡಾಕ್ಟರು ಹೀಗೆ ಸಿಕ್ಕವರ ತಲೆ ತಿಂದು ಒಂದೊಂದು ಬುಟ್ಟಿಗೂ ಒಬ್ಬೊಬ್ಬ ಪ್ರಾಯೋಜಕರನ್ನು ಹಿಡಿದು ತಂದವರು ಇವರೇ. ಕಂಬ ಮಾತ್ರ ನಗರಸಭೆಯದು. ಗಿಡ, ಗೊಬ್ಬರ, ನೀರಿನ ಟ್ಯಾಂಕರ್ ಎಲ್ಲ ಪ್ರಾಯೋಜಕರ ಹಣದಲ್ಲೇ ಆಗಬೇಕು. ಬುಟ್ಟಿಯ ಕೆಳಗೆ ಅವರ ಹೆಸರಿನ ಪುಟ್ಟ ತಗಡು ನೇತಾಡುತ್ತದೆ. ಬುಟ್ಟಿ ಹೋದರೆ ಹೆಸರೂ ಹೋಯಿತು. ಹಾಗಾಗಿ ಮೇಷ್ಟ್ರ ಫೋನಿಗೆ ಮೂರು ದಿನದಿಂದ ಬಿಡುವಿರಲಿಲ್ಲ.

"ಯಾರ ಮೇಲಾದ್ರೂ ಅನುಮಾನ ಇದೆಯಾ?" ಇನ್ಸ್‌ಪೆಕ್ಟರ್ ಕೇಳಿದರು.

"ಇಲ್ಲ."

"ಸಮಿತಿಯಲ್ಲಿ ಜಗಳ, ಮನಸ್ತಾಪ?"

"ಇಲ್ಲ ಮೇಡಂ."

"ನೀರು ಹಾಕೋನ ಮೇಲೆ?"

"ಅವನ ಮೇಲೆ ಖಂಡಿತ ಇಲ್ಲ. ಅದನ್ನ ಬರ್ಕೊಳ್ಳಿ ಬೇಕಾದ್ರೆ."

ಹದಿನಾರು ವರ್ಷದ ಸರ್ವಿಸಿನಲ್ಲಿ ಇನ್ಸ್‌ಪೆಕ್ಟರ್ ಅನುಮಾನವನ್ನು ಹೊತ್ತು ತರದ ಫಿರ್ಯಾದಿಯನ್ನು ಕಂಡದ್ದು ಕಡಿಮೆ. ಕೋಳಿ ಕಳೆದುಕೊಂಡವರೂ ಪಕ್ಕದ ಮನೆಯ ಕಡೆ ಕಣ್ಣು ಹಾಯಿಸಿಯೇ ಮಾತು ಶುರು ಮಾಡುತ್ತಾರೆ. ಇವರು ಒಳ್ಳೆಯವರಿರಬೇಕು ಎಂದುಕೊಂಡು ಆಕೆ ಎಫ್‌ಐಆರ್‌ಗೆ ಸಹಿ ಹಾಕಿದರು.

ಮಧ್ಯಾಹ್ನ ಸ್ಥಳ ಪಂಚನಾಮೆ. ಜೊತೆಗೆ ಬಂದದ್ದು ಹೆಡ್ ಕಾನ್‌ಸ್ಟೇಬಲ್. ಮೋಡವಿರಲಿ ಬಿಡಲಿ, ಕಂಕುಳಲ್ಲಿ ಕೊಡೆ ಇಟ್ಟುಕೊಂಡೇ ತಿರುಗುವುದರಿಂದ ಇಡೀ ಠಾಣೆಗೆ ಅವನು 'ಛತ್ರಿ'. ಬೇರೆಯವರನ್ನು ಹಾಗೆ ಕರೆದರೆ ಬೈಗುಳ. ಇವನ ಮಟ್ಟಿಗೆ ಆ ಮಾತಿಗೆ ಕಂಕುಳಲ್ಲಿದ್ದದ್ದನ್ನು ಬಿಟ್ಟು ಬೇರೆ ಅರ್ಥವೇ ಇರಲಿಲ್ಲ, ಅಷ್ಟು ಸಾಧು.

ಪೇಟೆ ರಸ್ತೆಯ ಎಂಟು ಕಂಬಗಳಲ್ಲಿ ಬರೀ ಕೊಕ್ಕೆ. ಸರಪಳಿ ಕತ್ತರಿಸಿರಲಿಲ್ಲ, ಬಿಚ್ಚಿದ್ದರು. ಕಂಬದ ಬುಡದಲ್ಲಿ ಮಣ್ಣು ಚೆಲ್ಲಿರಲಿಲ್ಲ, ಒಂದು ಎಸಳೂ ಬಿದ್ದಿರಲಿಲ್ಲ. ಬೇಕರಿಯ ಕ್ಯಾಮೆರಾದಲ್ಲಿ ಬೆಳಗಿನ ಮಬ್ಬಿನಲ್ಲಿ ಒಂದು ಆಕೃತಿ ಸಿಕ್ಕಿತು. ಕಿತ್ತಳೆ ಬಣ್ಣದ ಸಮಿತಿಯ ಮೇಲಂಗಿ, ಟೋಪಿ, ಏಣಿ, ಕೈಗಾಡಿ. ಮುಖ ಕಾಣಲಿಲ್ಲ. ಆ ಅಂಗಿ ತೊಟ್ಟವರು ಕಂಬ ಹತ್ತಿದರೆ ಯಾಕೆ ಎಂದು ಯಾರೂ ಕೇಳುವುದಿಲ್ಲ.

"ಆ ಅಂಗಿ ಯಾರ್ಯಾರ ಹತ್ರ ಇದೆ?"

"ಸಮಿತಿಯವರೆಲ್ಲರ ಹತ್ರಾನೂ ಇದೆ ಮೇಡಂ," ಎಂದ ಬೇಕರಿಯವನು. "ದಿನಾ ಹಾಕ್ಕೊಳ್ಳೋನು ನೀರಿನವನೊಬ್ಬನೇ."

ನೀರಿನವನನ್ನು ಸಂಜೆ ಠಾಣೆಗೆ ಕರೆಸಿದರು. ಗುತ್ತಿಗೆಯ ಕೆಲಸ, ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು, ಹಾಸಿಗೆ ಹಿಡಿದ ಅತ್ತೆ. ಬೆಂಚಿನ ತುದಿಯಲ್ಲಿ ಕೂತು ಟೋಪಿಯನ್ನು ಹಿಂಡುತ್ತಿದ್ದ.

"ಏಣಿ ಎಲ್ಲಿದೆ?"

"ನನಗ್ಯಾಕೆ ಏಣಿ ಮೇಡಂ? ಉದ್ದದ ಪೈಪು, ತುದೀಲಿ ಬಗ್ಗಿಸಿರೋ ಕೊಳವೆ. ಗಾಡಿ ಪಕ್ಕ ನಿಂತೇ ಹಾಕ್ತೀನಿ."

"ಎಷ್ಟು ಹೊತ್ತಿಗೆ?"

"ಬೆಳಿಗ್ಗೆ ಐದೂವರೆಗೆ ಶುರು, ಆ ರಸ್ತೆಗೆ ಬರೋ ಹೊತ್ತಿಗೆ ಏಳೂವರೆ ಎಂಟಾಗುತ್ತೆ. ಅದಕ್ಕೆ ಮುಂಚೆನೇ ಎತ್ತಿದ್ದಾರೆ ಯಾರೋ. ನೀರು ಕುಡಿದ ಬುಟ್ಟೀನ ಒಬ್ಬನ ಕೈಲಿ ಇಳಿಸೋಕಾಗಲ್ಲ, ಸೊಂಟ ಹೋಗುತ್ತೆ."

ಮಾತು ಸರಿಯಾಗಿತ್ತು. ಆದರೆ ಅಷ್ಟು ಸರಿಯಾಗಿ ಬಲ್ಲವನೇ ಕದ್ದಿರಬಹುದಲ್ಲ ಎಂದು ಪ್ರಾಯೋಜಕರು ಆಗಲೇ ಆಡಿಕೊಳ್ಳತೊಡಗಿದ್ದರು. ರಾತ್ರಿ ಊಟದ ಹೊತ್ತಿಗೆ ಗುತ್ತಿಗೆದಾರನ ಫೋನು ಬಂತು. ಶನಿವಾರದೊಳಗೆ ಇತ್ಯರ್ಥವಾಗದಿದ್ದರೆ ಬೇರೆಯವನನ್ನು ನೋಡಿಕೊಳ್ಳುತ್ತೇನೆ, ಕಳ್ಳನೆಂದು ಹೆಸರಾದವನನ್ನು ಇಟ್ಟುಕೊಂಡರೆ ನನ್ನ ಗುತ್ತಿಗೆಯೂ ಹೋಗುತ್ತದೆ ಎಂದ. ಇನ್ಸ್‌ಪೆಕ್ಟರಿಗೆ ಅನ್ನ ರುಚಿಸಲಿಲ್ಲ. ಎಂಟು ಬುಟ್ಟಿಗಾಗಿ ಒಂದು ಸಂಸಾರದ ಹೊಟ್ಟೆಯ ಮೇಲೆ ಹೊಡೆಯುವ ಕೇಸು ಆಕೆಗೆ ಬೇಕಿರಲಿಲ್ಲ.

ಮರುದಿನ ಬೆಳಿಗ್ಗೆ ಇಬ್ಬರೂ ಆ ರಸ್ತೆಯನ್ನು ಮೊದಲಿನಿಂದ ಕೊನೆಯವರೆಗೆ ನಡೆದರು. ನೀರಿನ ಗಾಡಿ ಆಗಷ್ಟೇ ಹೋಗಿತ್ತು. ಕುಡಿದು ಮಿಕ್ಕ ನೀರನ್ನು ಬುಟ್ಟಿಗಳು ತೊಟ್ಟಿಕ್ಕಿಸುತ್ತಿದ್ದವು. ನುಣುಪು ಕಲ್ಲಿನ ಫುಟ್‌ಪಾತ್ ಮೇಲೆ ಬುಟ್ಟಿಯಿರುವ ಪ್ರತಿ ಕಂಬದ ಕೆಳಗೂ ನೀರು ನಿಂತಿತ್ತು. ಛತ್ರಿ ಕೊಡೆ ಬಿಚ್ಚಿದ. ಸ್ವಲ್ಪ ದೂರ ಹೋದ ಮೇಲೆ ಮಡಚಿದ. ಮತ್ತೆ ಬಿಚ್ಚಿದ.

"ಏನ್ರೀ ಅದು, ಒಂದ್ಸಲ ಬಿಚ್ತೀರಿ, ಒಂದ್ಸಲ ಮಡಚ್ತೀರಿ?"

"ಬುಟ್ಟಿ ಇದ್ದ ಕಡೆ ತಲೆ ಮೇಲೆ ಬೀಳುತ್ತೆ ಮೇಡಂ. ಮಧ್ಯದಲ್ಲಿ ಬೀಳಲಿಲ್ಲ, ಮಡಚಿದೆ."

ಇನ್ಸ್‌ಪೆಕ್ಟರ್ ನಿಂತು ಹಿಂತಿರುಗಿ ನೋಡಿದರು. ಇಷ್ಟು ಹೊತ್ತೂ ಆಕೆ ಕಂಬಗಳನ್ನು ನೋಡಿದ್ದರೇ ಹೊರತು ನೆಲ ನೋಡಿರಲಿಲ್ಲ. ಎಡಬದಿಯ ಫುಟ್‌ಪಾತ್ ಒಂದು ತಿರುವಿನಿಂದ ಒಂದು ಹಸಿರು ಬಾಗಿಲಿನವರೆಗೆ ಒಣಗಿಕೊಂಡಿತ್ತು. ಅದರ ಆಚೆಗೂ ಈಚೆಗೂ ಒದ್ದೆ. ಎದುರು ಬದಿಯಲ್ಲಿ ಒಂದು ಬುಟ್ಟಿಯೂ ಹೋಗಿರಲಿಲ್ಲ. ಅಲ್ಲಿ ಅಂಗಡಿಗೊಂದು ಮೆಟ್ಟಿಲು, ಹತ್ತಿ ಇಳಿದೇ ನಡೆಯಬೇಕು.

"ಕಳ್ಳನಿಗೆ ಹೂವು ಬೇಕಾಗಿರಲಿಲ್ಲ ಕಣ್ರೀ," ಎಂದರು ಆಕೆ. "ಅವನಿಗೆ ಒಣ ನೆಲ ಬೇಕಾಗಿತ್ತು."

ಹಸಿರು ಬಾಗಿಲು ಫಿಸಿಯೋಥೆರಪಿ ಕೇಂದ್ರದ್ದು. ಅಲ್ಲಿನ ಹುಡುಗಿ ಗೋಡೆಗೆ ರಬ್ಬರ್ ಪಟ್ಟಿ ಕಟ್ಟುತ್ತಿದ್ದಳು.

"ಆ ತಿರುವಿನ ಕಡೆಯಿಂದ ಬೆಳಿಗ್ಗೆ ಹೊತ್ತು ಯಾರಾದ್ರೂ ನಡ್ಕೊಂಡು ಬರ್ತಾರಾ?"

"ಮೇಷ್ಟ್ರ ಹೆಂಡತಿ. ಎಂಟೂವರೆಗೆ. ತೊಡೆ ಮೂಳೆಗೆ ಪ್ಲೇಟ್ ಹಾಕಿದ್ದಾರೆ. ಗಾಡೀಲಿ ಬರಬಾರದು, ನಡೆದೇ ಬರಬೇಕು ಅಂತ ನಾವೇ ಹೇಳಿರೋದು. ಎರಡು ವಾರ ಆಯ್ತು ನಡೆಯೋಕೆ ಶುರು ಮಾಡಿ."

"ಯಾವ ಮೇಷ್ಟ್ರು?"

"ಹೂವಿನ ಮೇಷ್ಟ್ರು. ಪಾಪ, ಬಚ್ಚಲಲ್ಲಿ ಜಾರಿ ಬಿದ್ರಂತೆ ಆಂಟಿ."

ತಿರುವಿನ ಮನೆಯ ಬಾಗಿಲನ್ನು ಮೇಷ್ಟ್ರೇ ತೆಗೆದರು. ನಡುಮನೆಯಲ್ಲಿ ಅವರ ಹೆಂಡತಿ ವಾಕರ್ ಹಿಡಿದು ನಿಂತಿದ್ದರು, ಹೊರಡುವ ಸಿದ್ಧತೆಯಲ್ಲಿ.

"ಎಲ್ಲಿ ಬಿದ್ರಮ್ಮ?"

ಆಕೆ ಗಂಡನ ಮುಖ ನೋಡಿದರು. "ಬಚ್ಚಲಲ್ಲಿ," ಎಂದರು, ಮಗ್ಗಿ ಒಪ್ಪಿಸುವ ಹಾಗೆ.

ಇನ್ಸ್‌ಪೆಕ್ಟರ್ ಮೇಷ್ಟ್ರ ಕಡೆ ತಿರುಗಿದರು. "ನಿಮ್ಮ ಕೇಸು ಮುಗೀತಾ ಬಂತು ಮೇಷ್ಟ್ರೇ. ಆ ಅಂಗಿ ದಿನಾ ಹಾಕೋನು ನೀರಿನವನೊಬ್ಬನೇ. ಇವತ್ತು ಸಂಜೆ ಅವನನ್ನ ಒಳಗೆ ಹಾಕ್ತೀನಿ."

ಮೇಷ್ಟ್ರು ಮುಂಬಾಗಿಲು ಮುಚ್ಚಿ ಬಂದರು.

"ಅವನಲ್ಲ."

"ಮತ್ಯಾರು?"

"ಮೇಲೆ ಬನ್ನಿ."

ತಾರಸಿಯಲ್ಲಿ ಬಟ್ಟೆ ಒಣಗಿಸುವ ಕಬ್ಬಿಣದ ಸರಳಿಗೆ ಎಂಟೂ ಬುಟ್ಟಿಗಳು ಸಾಲಾಗಿ ತೂಗುತ್ತಿದ್ದವು. ಎಲೆ ಬಾಡಿರಲಿಲ್ಲ. ಬಾಡಿದ ಹೂಗಳನ್ನು ಚಿವುಟಿ ತೆಗೆದಿದ್ದರು, ಪ್ರಾಯೋಜಕರ ತಗಡುಗಳನ್ನು ಒರೆಸಿದ್ದರು. ಏಣಿ ಅಲ್ಲೇ ಒರಗಿಕೊಂಡಿತ್ತು. ಕದ್ದ ಮಾಲಿಗೆ ಇಷ್ಟು ಆರೈಕೆ ಮಾಡಿದ ಕಳ್ಳನನ್ನು ಛತ್ರಿ ತನ್ನ ಜನ್ಮದಲ್ಲಿ ಕಂಡಿರಲಿಲ್ಲ.

"ನೀರಿನವನಿಗೆ ಹೊತ್ತು ಬದಲಾಯಿಸು ಅಂದಿದ್ರೆ ಆಗ್ತಿರಲಿಲ್ವಾ?"

"ಯಾಕೆ ಅಂತ ಕೇಳ್ತಿದ್ದ. ಸಮಿತಿಯವರು ಕೇಳ್ತಿದ್ರು. ಏನು ಹೇಳ್ಲಿ?"

ಪಂಚರ ಸಮಕ್ಷಮ ಬುಟ್ಟಿಗಳನ್ನು ಜಪ್ತಿ ಮಾಡಿ, ಮೇಷ್ಟ್ರನ್ನು ಮಧ್ಯಾಹ್ನ ಹನ್ನೆರಡಕ್ಕೆ ದಸ್ತಗಿರಿ ಮಾಡಲಾಯಿತು. ಸುಳ್ಳು ದೂರಿನ ವಿಷಯ ಬೇರೆಯೇ ಇತ್ತು. ಮುದ್ದೆಮಾಲನ್ನು ಎಲ್ಲಿಡುವುದೆಂದು ರೈಟರ್ ತಲೆ ಕೆರೆದುಕೊಂಡ. ಕೋಣೆಯೊಳಗಿಟ್ಟರೆ ಒಣಗಿ, ನ್ಯಾಯಾಲಯಕ್ಕೆ ಹೋಗುವ ಹೊತ್ತಿಗೆ ಬರೀ ಕಡ್ಡಿ. ಕೊನೆಗೆ ಠಾಣೆಯ ಜಗಲಿಯ ಕಂಬಿಗೆ ನೇತುಹಾಕಿದರು. ಸಂಜೆ ನೀರಿನವನನ್ನು ಕರೆಸಿ, ನಿನ್ನ ಮೇಲೆ ಏನೂ ಇಲ್ಲ ಎಂದು ಹೇಳಿ, ನೀರು ಹಾಕು ಎಂದರು. ಅವನು ಪೈಪು ಬಿಚ್ಚಿ ಹಾಕಿದ. ಜಗಲಿಯ ಕಲ್ಲು ಒದ್ದೆಯಾಯಿತು.

ಅಷ್ಟರಲ್ಲಿ ಮೇಷ್ಟ್ರ ಹೆಂಡತಿ ಪಕ್ಕದ ಮನೆಯವರ ಕಾರಿನಿಂದ ಇಳಿದರು. ವಾಕರ್ ಊರುತ್ತಾ ಬಂದವರು ಜಗಲಿಯ ಅಂಚಿನಲ್ಲಿ ನಿಂತುಬಿಟ್ಟರು. ಛತ್ರಿ ಗೋಣಿತಾಟು ಹುಡುಕಿ ತಂದು ನೆಲಕ್ಕೆ ಹಾಸಿದ. ಆಕೆ ಅದರ ಮೇಲೆ ಒಂದೊಂದೇ ಹೆಜ್ಜೆ ಇಟ್ಟು ಒಳಗೆ ಬಂದು ರೈಟರ್ ಎದುರು ಕೂತರು.

"ನನ್ನ ಹೇಳಿಕೆ ಬರ್ಕೊಳ್ಳಿ. ನಾನು ಬಿದ್ದಿದ್ದು ಬಚ್ಚಲಲ್ಲಲ್ಲ. ಔಷಧದಂಗಡಿ ಎದುರು, ಬುಟ್ಟಿ ಕೆಳಗೆ."

ಒಳಗಿನ ಬೆಂಚಿನಲ್ಲಿದ್ದ ಮೇಷ್ಟ್ರು ಎದ್ದು ನಿಂತರು. "ಮೇಡಂ, ಕಳ್ಳ ಅಂತ ಬರ್ಕೊಳ್ಳಿ, ಸಹಿ ಹಾಕ್ತೀನಿ. ಇದೊಂದು ಬೇಡ. ಗೊತ್ತಾದ್ರೆ ಒಬ್ಬ ಪ್ರಾಯೋಜಕನೂ ಉಳಿಯಲ್ಲ. ಎಲ್ಲಾ ಬುಟ್ಟಿ ಇಳಿಸ್ತಾರೆ."

"ನಾಲ್ಕು ತಿಂಗಳಿಂದ ನೋಡೋಕೆ ಬಂದವರಿಗೆಲ್ಲ ಬಚ್ಚಲು ಬಚ್ಚಲು ಅಂದಿದ್ದೀನಿ," ಎಂದರು ಆಕೆ, ಗಂಡನ ಕಡೆ ನೋಡದೆ. "ಮಗಳಿಗೂ ಅದನ್ನೇ ಹೇಳಿದೆ. ಅವಳು ಅಳ್ತಾ ಬಂದು ಬಚ್ಚಲಿಗೆ ಹೊಸ ನೆಲ ಹಾಕ್ಸಿಕೊಟ್ಟು ಹೋದ್ಲು. ಸ್ನಾನಕ್ಕೆ ಹೋದಾಗೆಲ್ಲ ಆ ನೆಲ ನೋಡ್ತೀನಿ. ಬರ್ಕೊಳ್ಳಿ."

ಮೇಷ್ಟ್ರು ಕೂತರು. ಹೂವಿನ ಮರ್ಯಾದೆ, ಹೆಂಡತಿಯ ಕಾಲು ಎರಡನ್ನೂ ಯಾರಿಗೂ ತಿಳಿಯದಂತೆ ಕಾಪಾಡಲು ಹೊರಟ ಮನುಷ್ಯ ಇವರು. ಆರೋಪಿಯ ಉದ್ದೇಶ ಎಂಬಲ್ಲಿ ಇನ್ಸ್‌ಪೆಕ್ಟರ್ ಕೇಸ್ ಡೈರಿಯಲ್ಲಿ 'ಪತ್ನಿ ನಡೆಯುವ ದಾರಿ ಒಣಗಿರಲೆಂದು' ಎಂದಷ್ಟೇ ಬರೆದರು. ಬರೆಯುವಾಗ ಆಕೆಗೆ ಕೋಪವೂ ಬಂತು, ಮರುಕವೂ ಬಂತು.

ಬಾಗಿಲ ಹತ್ತಿರ ಪೈಪು ಸುತ್ತುತ್ತಿದ್ದ ನೀರಿನವನು ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ಒಂದು ಮಾತು ಹೇಳಿದ್ರೆ ಆ ರಸ್ತೇನ ಕೊನೇಲಿ ಮಾಡ್ತಿದ್ದೆ ಮೇಷ್ಟ್ರೇ," ಎಂದ. "ನಾನು ಯಾಕೆ ಅಂತ ಕೇಳ್ತಿರಲಿಲ್ಲ."

ಮೇಷ್ಟ್ರ ಹೆಂಡತಿ ಹೇಳಿಕೆಯ ಕೆಳಗೆ ನಿಧಾನವಾಗಿ ಸಹಿ ಹಾಕಿದರು. ನಾಳೆ ಎಂಟೂವರೆಗೆ ಒಬ್ಬಳೇ ಹೋಗಬೇಕು, ಬುಟ್ಟಿ ಮತ್ತೆ ಏರಿದ ಮೇಲೂ ಆ ರಸ್ತೆ ಕೊನೆಗಿರಲಿ ಎಂದು ನೀರಿನವನಿಗೆ ಹೇಳಿದರು. ಅವನು ಆಗಲಿ ಎಂದ.