ಗುಡ್ಡದ ಗಿಡಕ್ಕೆ ಕಾಮಾಲೆ

ನಾನೇ ಈ ಗಿಡವನ್ನು ಕೊಲ್ಲುತ್ತಿದ್ದೇನೋ? ನೀರು ಹೆಚ್ಚಾಯಿತೋ, ಬಿಸಿಲು ಕಡಿಮೆಯಾಯಿತೋ? ಮಿಸ್ ಹೇಳಿದ ಹಾಗೆ ಬರೀ ಮಳೆನೀರನ್ನೇ ಹಾಕಿದ್ದೆನಲ್ಲ? ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತ ಪೆನ್ಸಿಲ್‌ಗೆ ಒಂದೂ ಬಗೆಹರಿಯಲಿಲ್ಲ. ಎಲೆಗಳು ದಿನೇ ದಿನೇ ಹಳದಿಯಾಗುತ್ತಿದ್ದವು.

ಕಡ್ಡಿಯಂತಿದ್ದಾನೆಂದು ಕ್ಲಾಸಿನವರು ಅವನಿಗೆ ಇಟ್ಟ ಹೆಸರು ಪೆನ್ಸಿಲ್. ಸ್ಕೂಲಿನ ಎಕ್ಸಿಬಿಷನ್‌ಗೆಂದು ಸೈನ್ಸ್ ಮಿಸ್ ಚೀಟಿ ಎತ್ತಿಸಿ, ಮನೆಯಲ್ಲಿ ಬೆಳೆಸಲು ಒಬ್ಬೊಬ್ಬರಿಗೆ ಒಂದೊಂದು ಗಿಡ ಕೊಟ್ಟಿದ್ದರು. ಉಳಿದವರಿಗೆಲ್ಲ ಗುಲಾಬಿ, ದಾಸವಾಳ. ಅವನ ಪಾಲಿಗೆ ಬಂದದ್ದು ಊರಾಚೆಯ ಗುಡ್ಡದಲ್ಲಿ ಕಲ್ಲುಸಂದಿಗಳಲ್ಲಿ ಬೆಳೆಯುವ, ಯಾರೂ ತಿರುಗಿ ನೋಡದ ಒಂದು ಪೊದೆ.

"ಇದು ನಮ್ಮ ನೆಲದ್ದೇ ಗಿಡ ಕಣೋ. ಹೂ ಬಿಟ್ರೆ ಪುಟ್ಟಪುಟ್ಟ ಹೂಜಿಗಳನ್ನ ತಲೆಕೆಳಗೆ ನೇತುಹಾಕಿದ ಹಾಗಿರುತ್ತೆ. ಕುಂಡದಲ್ಲಿ ಅರಳಿದ್ದನ್ನ ನಾನೂ ನೋಡಿಲ್ಲ," ಎಂದಿದ್ದರು ಮಿಸ್.

ಮಿಸ್ ಕೂಡ ನೋಡಿಲ್ಲ! ಅಂದಿನಿಂದ ಅವನಿಗೆ ಅದೊಂದೇ ಆಸೆ.

"ಏ ಪೆನ್ಸಿಲ್, ನಿನ್ನ ಗಿಡಕ್ಕೆ ಕಾಮಾಲೆ ಅಂತೆ? ಡಾಕ್ಟರ್‌ಗೆ ತೋರಿಸೋ!" ಎಂದು ಪಕ್ಕದ ಬೆಂಚಿನವನು ಛೇಡಿಸಿದ.

ಪೆನ್ಸಿಲ್ ಒಂದು ಎಲೆ ಕಿತ್ತು ತಂದು ಮಿಸ್‌ಗೆ ಕೊಟ್ಟ. ಅವರು ಅದನ್ನು ಬೆಳಕಿಗೆ ಹಿಡಿದರು. ನರಗಳು ಹಸಿರು, ನಡುವೆಲ್ಲ ಹಳದಿ.

"ಸುಣ್ಣ ಏನಾದ್ರೂ ಹಾಕಿದ್ಯೇನೋ? ಇದು ಹುಳಿ ಮಣ್ಣಿನ ಗಿಡ. ಸುಣ್ಣ ಇದಕ್ಕೆ ವಿಷ."

"ನಿಮ್ಮಾಣೆಗೂ ಇಲ್ಲ ಮಿಸ್!"

ಅಪ್ಪ ಗೋಡೆಗಳಿಗೆ ಸುಣ್ಣ ಬಳಿಯುವ ಕೆಲಸದವನು. ರಾತ್ರಿ ಬಕೆಟ್ಟಿನಲ್ಲಿ ನೆನೆಹಾಕಿದ ಸುಣ್ಣ ಬೆಳಗಾಗುವಷ್ಟರಲ್ಲಿ ತಳಕ್ಕೆ ಇಳಿದು, ಮೇಲೆ ಕನ್ನಡಿಯಂಥ ತಿಳಿನೀರು ನಿಂತಿರುತ್ತಿತ್ತು. ಮರುದಿನ ಪೆನ್ಸಿಲ್ ಎದ್ದು ಬಂದಾಗ ಅಪ್ಪ ಆ ತಿಳಿನೀರನ್ನು ಮಗ್ಗಿನಲ್ಲಿ ಮೊಗೆದು ಕುಂಡಕ್ಕೆ ಹುಯ್ಯುತ್ತಿದ್ದ.

"ಕುಡಿ ರಾಜಾ, ಕುಡಿ. ಸುಣ್ಣ ಕುಡಿದ್ರೆ ಗೋಡೆನೇ ಗಟ್ಟಿಯಾಗುತ್ತೆ, ನೀನ್ಯಾವ ಲೆಕ್ಕ? ನನ್ನ ಮಗನ ಮರ್ಯಾದೆ ನಿನ್ನ ಕೈಲಿದೆ ನೋಡು."

ಪೆನ್ಸಿಲ್‌ಗೆ ಕೂಗಿಬಿಡಬೇಕೆನಿಸಿತು. ಬಾಯಿ ತೆರೆದ. ಆಗ ಅಪ್ಪನ ಬೆರಳುಗಳು ಕಂಡವು. ಸುಣ್ಣ ತಿಂದು ಬಿರುಕುಬಿಟ್ಟ ಬೆರಳುಗಳು. ಎಲೆಗೆ ಎಲ್ಲಿ ನೋವಾಗುತ್ತದೋ ಎಂಬಂತೆ ಮೆಲ್ಲಗೆ ಸವರುತ್ತಿದ್ದವು.

ಅವನು ಕುಂಡವನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡ.

"ಅಪ್ಪಾ, ಇವತ್ತಿಂದ ಇದನ್ನ ಸ್ಕೂಲಲ್ಲೇ ಇಡ್ತೀನಿ."

"ಯಾಕೋ? ಅಲ್ಲಿ ಇದನ್ನ ಯಾರು ನೋಡ್ಕೋತಾರೆ?"

"ನಾನೇ. ಇದು ನನ್ನ ಗಿಡ ತಾನೇ?"

ಅಪ್ಪನ ಮುಖ ಚಿಕ್ಕದಾಯಿತು. "ಆಯ್ತಪ್ಪಾ, ದೊಡ್ಡ ಮನುಷ್ಯ," ಎಂದು ಮಗ್ಗನ್ನು ಕೆಳಗಿಟ್ಟ.

ಸ್ಕೂಲಿನಲ್ಲಿ ಮಿಸ್ ಮತ್ತು ಅವನು ಬೇರಿನ ಮಣ್ಣನ್ನು ಮಳೆನೀರಿನಲ್ಲಿ ತೊಳೆದು, ಗುಡ್ಡದಿಂದ ತಂದ ಎಲೆಮಣ್ಣು ತುಂಬಿದರು. "ಸುಣ್ಣ ಎಲ್ಲಿಂದ ಬಂತೋ?" ಎಂದು ಮಿಸ್ ಕೇಳಿದರು. ಅವನು ಉಗುರಿನಿಂದ ಕುಂಡದ ಅಂಚು ಕೆರೆಯುತ್ತ ನಿಂತ.

ಬಹಳ ದಿನ ಏನೂ ಆಗಲಿಲ್ಲ. ಆಮೇಲೊಮ್ಮೆ ತುದಿಯಲ್ಲಿ ಅಚ್ಚ ಹಸಿರು ಎಲೆಯೊಂದು ಇಣುಕಿತು. ಅದರ ಹಿಂದೆಯೇ ಮೊಗ್ಗುಗಳು.

ಎಕ್ಸಿಬಿಷನ್ ದಿನ ಗುಲಾಬಿಗಳ ಮುಂದೆ ಯಾರೂ ನಿಲ್ಲಲಿಲ್ಲ. ಎಲ್ಲರೂ ಪೆನ್ಸಿಲ್‌ನ ಟೇಬಲ್ಲಿಗೇ ಮುತ್ತಿಕೊಂಡರು. ಕೆಂಪು ಅಂಚಿನ ಬಿಳಿ ಹೂಜಿಗಳು ಕೊಂಬೆ ತುಂಬ ತೂಗುತ್ತಿದ್ದವು. ಕೆಲಸದಿಂದ ನೇರವಾಗಿ ಬಂದ ಅಪ್ಪನ ಹುಬ್ಬಿನ ಮೇಲೆ ಇನ್ನೂ ಸುಣ್ಣದ ಹನಿಗಳಿದ್ದವು. ಗಿಡ ಕಂಡದ್ದೇ ಅವನ ದನಿ ಏರಿತು.

"ನೋಡಿ ಮೇಡಂ! ಮನೇಲಿದ್ದಾಗ ದಿನಾ ಒಂದು ಮಗ್ಗು ಸುಣ್ಣದ ತಿಳಿನೀರು ಕುಡಿಸಿದೀನಿ. ಅದರ ಶಕ್ತಿ ಇದು!"

ಮಿಸ್ ಹುಬ್ಬೇರಿಸಿ ಪೆನ್ಸಿಲ್ ಕಡೆ ತಿರುಗಿದರು. ಏನೋ ಹೇಳಹೊರಟರು. ಅಷ್ಟರಲ್ಲಿ ಅವನು ಹೋಗಿ ಅಪ್ಪನಿಗೆ ಅಂಟಿಕೊಂಡು ನಿಂತ.

"ಹೌದು ಮಿಸ್. ನಮ್ಮಪ್ಪ ನನಗಿಂತ ಮುಂಚೆ ಎದ್ದು ನೀರು ಹಾಕ್ತಿದ್ರು."

ಮಿಸ್ ನಸುನಕ್ಕು ತಲೆಯಾಡಿಸಿದರು. ಅಪ್ಪ ಎದೆಯುಬ್ಬಿಸಿಕೊಂಡು ಬಂದವರಿಗೆಲ್ಲ ಹೂ ತೋರಿಸತೊಡಗಿದ. ಅಪ್ಪ ಅಷ್ಟು ಎತ್ತರವಿದ್ದಾನೆಂದು ಪೆನ್ಸಿಲ್‌ಗೆ ಅದುವರೆಗೆ ಅನಿಸಿರಲಿಲ್ಲ.

ಗಿಡ ಹಳದಿಯಾದದ್ದು ಆ ನೀರಿನಿಂದಲೇ ಎಂದು ಅವನು ಅಪ್ಪನಿಗೆ ಎಂದೂ ಹೇಳಲಿಲ್ಲ.