ಉಸಿರುಗನ್ನಡಿಯ ಮೇಲಿನ ಬಟ್ಟೆ

ನಿಹಾರಿಕಾ ಜಡೆ ಹೆಣೆಯುತ್ತಿದ್ದಂತೆ ಪಡಸಾಲೆಯ ಉಸಿರುಗನ್ನಡಿಯ ಹಸಿರು ಅಂಚು ಹಳದಿಗೆ ತಿರುಗಿತು. ಎದುರಿಗಿದ್ದವರ ಎದೆಯ ಏರಿಳಿತ ನೋಡಿ, ಉಸಿರಿನ ಸದ್ದು ಕೇಳಿ, ಶ್ವಾಸನಾಳ ಎಷ್ಟು ಬಿಗಿದಿದೆ ಎಂಬುದನ್ನು ಬಣ್ಣದಲ್ಲಿ ತೋರಿಸುವ ಕನ್ನಡಿ ಅದು. ಅದು ಬಂದ ಮೇಲೆ ಗದಗಿನಲ್ಲಿ ಉಬ್ಬಸದವರು ಆಸ್ಪತ್ರೆಗೆ ಓಡುವುದೇ ಅಪರೂಪ. ದಮ್ಮು ಹತ್ತುವ ಮೊದಲೇ ಮನೆಯಲ್ಲಿ ಪಂಪಿನಿಂದ ಔಷಧಿ ಎಳೆದುಕೊಳ್ಳುತ್ತಿದ್ದರು.

“ಹಳದಿ ಬಂತವ್ವಾ. ನನ್ನ ಪಂಪು ಎಲ್ಲೈತಿ?”

“ಎತ್ತಿಟ್ಟೀನಿ. ಬೀಗರು ಹೋದ ಮ್ಯಾಲ ತಗೊ. ದಮ್ಮಿನ ಹುಡುಗೀನ ಯಾರ ಒಪ್ಪತಾರ?” ಎನ್ನುತ್ತ ತಾಯಿ ಸಿಂಚನಾ ಕನ್ನಡಿಗೆ ಹಳೆಯ ಕಸೂತಿ ಬಟ್ಟೆ ಹೊದಿಸಿದಳು. ಮನೆ ಘಮಘಮಿಸಲೆಂದು ಊದಿನಕಡ್ಡಿಯನ್ನೂ ಹಚ್ಚಿದಳು.

ಹೆಣ್ಣು ನೋಡಲು ಅಗಸ್ತ್ಯ ತನ್ನ ತಾಯಿ ಸಮೀಕ್ಷಾ ಜೊತೆ ಬಂದ. ಆಕೆ ಧಾರವಾಡದಲ್ಲಿ ಏನೋ ಸಂಶೋಧನೆ ಮಾಡುತ್ತಾಳೆ ಎಂದಷ್ಟೇ ಸಿಂಚನಾಗೆ ಗೊತ್ತಿತ್ತು.

“ಕನ್ನಡಿಗೆ ಯಾಕ್ರೀ ಹೊಚ್ಚೀರಿ? ಥಂಡಿ ಹತ್ತೇತೇನು?” ಸಮೀಕ್ಷಾ ನಕ್ಕಳು.

“ಕೆಟ್ಟೈತ್ರೀ.”

ನಿಹಾರಿಕಾ ಚಹಾ ತಂದಿಟ್ಟಳು. ಹೆಸರು ಕೇಳಿದರೆ “ನಿ…” ಎಂದು ಅಲ್ಲೇ ನಿಂತಳು. ಎದೆ ಸುಂಯ್ಗುಟ್ಟಿತು. ಸಮೀಕ್ಷಾ ಎದ್ದವಳೇ ಬಟ್ಟೆ ಎಳೆದಳು. ಕನ್ನಡಿಯ ಅಂಚು ಕೆಂಪಗೆ ಉರಿಯುತ್ತಿತ್ತು.

“ಪಂಪು ತರ್ರಿ, ಲಗೂನ!”

ಎಲ್ಲಿಟ್ಟೆನೆಂಬುದೇ ಸಿಂಚನಾಗೆ ಮರೆತುಹೋಗಿತ್ತು. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಕೆಡವಿದಳು. ಅಷ್ಟರಲ್ಲಿ ಅಗಸ್ತ್ಯ ತನ್ನ ಕಿಸೆಯಿಂದಲೇ ಒಂದು ಪಂಪು ತೆಗೆದ. “ಇದನ್ನ ತಗೋರಿ. ನನಗೂ ದಮ್ಮೈತಿ, ಔಷಧಿ ಒಂದ ಐತಿ.”

ನಿಹಾರಿಕಾ ಎರಡು ಸಲ ಎಳೆದುಕೊಂಡಳು. ಕೆಂಪು ಹಳದಿಯಾಯಿತು. ಆಮೇಲೆ ಮೆಲ್ಲಗೆ ಹಸಿರು. ಸಿಂಚನಾ ತಲೆ ತಗ್ಗಿಸಿ ಬಂದು ಮಗಳ ಬೆನ್ನು ಸವರಿದಳು. “ತಪ್ಪಾತ್ರೀ. ಸಂಬಂಧದ ಆಸೇಕ ಮಗಳ ಉಸಿರನ್ನ…”

ಸಮೀಕ್ಷಾ ಊದಿನಕಡ್ಡಿ ಆರಿಸಿದಳು. ಅವಳ ತಲೆಯೂ ತಗ್ಗಿತ್ತು. “ಈ ಕನ್ನಡಿ ಮಾಡಿದಾಕಿ ನಾನ ರೀ. ಯಾರೂ ಮನ್ಯಾಗ ಮುಚ್ಚಿಟ್ಟು ಒದ್ದಾಡಬಾರದು ಅಂತ ಮಾಡಿದ್ದು. ಬರೂಮುಂದ ಕಾರಿನ್ಯಾಗ ನನ್ನ ಮಗಗ ಏನ ಹೇಳಿದೆ ಗೊತ್ತೈತೇನು? ‘ಅವರ ಮುಂದ ಪಂಪು ತಗೀಬ್ಯಾಡ.’ ನಿಮಗೇನ ಅನ್ಲಿ?”

ಸಿಂಚನಾ ನೆಲದ ಮೇಲಿನ ಬಟ್ಟೆ ಎತ್ತಿಕೊಂಡಳು. ಅದು ಅವಳ ಅವ್ವ ಹಾಕಿದ ಕಸೂತಿ. ಆ ಕಾಲಕ್ಕೆ ಇಂಥ ಕನ್ನಡಿ ಇರಲಿಲ್ಲ. ಉಬ್ಬಸದವರು ಒಂದು ಕೊಳವೆಗೆ ಜೋರಾಗಿ ಊದಿ, ಮುಳ್ಳು ಎಲ್ಲಿಯವರೆಗೆ ಸರಿಯಿತೆಂದು ನೋಡಿಕೊಳ್ಳುತ್ತಿದ್ದರು. ಯಾರಾದರೂ ಬಾಗಿಲು ಬಡಿದರೆ ಅವ್ವ ತನ್ನ ಕೊಳವೆಯನ್ನು ಇದೇ ಬಟ್ಟೆಯಲ್ಲಿ ಸುತ್ತಿ ದೇವರ ಜಗುಲಿಯ ಹಿಂದೆ ಸರಿಸುತ್ತಿದ್ದಳು.

“ತೊಳದು ಕಪಾಟಿನ್ಯಾಗ ಇಡ್ಲೇನವಾ?” ನಿಹಾರಿಕಾ ಕೈ ಚಾಚಿದಳು.

“ಬ್ಯಾಡ,” ಸಿಂಚನಾ ತಲೆ ಎತ್ತದೆ ಹೇಳಿದಳು. “ಕನ್ನಡಿ ಒರಸಾಕ ಇಟ್ಗೊ.”